ಕಂಟ್ರೋಲಿಗೆ ಕೊಬ್ಬರಿ ಎಣ್ಣೆ

ಮಾಘದ ಬೆಳಗಿನಲ್ಲಿ ಕೊಬ್ಬರಿ ಎಣ್ಣೆಯ ಶೀಸೆಯನ್ನು ತಲೆಕೆಳಗು ಹಿಡಿದರೂ ಒಂದು ತೊಟ್ಟು ಬೀಳುವುದಿಲ್ಲವೆಂಬುದು ತಲೆಯಲ್ಲಿ ಕೂದಲಿರುವ ಸಕಲರಿಗೂ ತಿಳಿದ ಸಂಗತಿ. ಆಗ ನನಗೂ ಕೂದಲಿತ್ತು, ಸಂಗತಿಯೂ ತಿಳಿದಿತ್ತು. ಆದರೆ ತಿಳಿದದ್ದು ಬೇಕಾದ ಹೊತ್ತಿಗೆ ನೆನಪಾಗದಿರುವುದು ನನ್ನ ಹುಟ್ಟುಗುಣ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜಗಳೂರಿನಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದೆ. ಕಲಿಸುತ್ತಿದ್ದುದು ಕನ್ನಡ, ಕೈ ತುರಿಸುತ್ತಿದ್ದುದು ಮಾತ್ರ ರೇಡಿಯೋ ಕಂಡಾಗ. ಸಂಧಿ ಬಿಡಿಸುವವನಿಗೆ ಪೆಟ್ಟಿಗೆ ಬಿಡಿಸುವುದು ಯಾವ ಲೆಕ್ಕವೆಂಬ ಅಹಂಕಾರ ಬೇರೆ. ಬಿಡಿಸಿದ್ದನ್ನು ಕೂಡಿಸುವಾಗ ವ್ಯಾಕರಣದ ಮೂರು ಕಾರ್ಯಗಳೂ ನಡೆದುಹೋಗುತ್ತಿದ್ದವು: ಒಂದು ತಿರುಪುಮೊಳೆ ಲೋಪ, ಇನ್ನೆರಡು ಎಲ್ಲಿಂದಲೋ ಆಗಮ, ಕೊನೆಗೆ ಶಾಲೆಯ ರೇಡಿಯೋವನ್ನು ಇನ್ನು ಮುಟ್ಟಕೂಡದೆಂದು ಹೆಡ್‌ಮಾಸ್ತರರ ಆದೇಶ. ಆದರೂ ಊರಿನ ಹೊರಗೆ ನನ್ನ ಕೀರ್ತಿಗೆ ಕುಂದಿರಲಿಲ್ಲ. ದೂರದವರಿಗೆ ವಿವರ ತಿಳಿಯುವುದಿಲ್ಲವಷ್ಟೆ.

ಹಾಗೆ ಕೀರ್ತಿಯನ್ನು ನಂಬಿ ಬಂದವರು ಬಿಳಿಚೋಡಿನ ತಿಪ್ಪೇಸ್ವಾಮಿ. ಮದುವೆಗಳಿಗೆ ಮೈಕ್ ಸೆಟ್ ಕಟ್ಟುವುದು ಅವರ ವೃತ್ತಿ; ಒಂದು ಆಂಪ್ಲಿಫೈಯರು, ಒಂದು ಮೈಕು, ಒಂದು ರೆಕಾರ್ಡ್ ಪ್ಲೇಯರು, ಒಂದು ಸಣ್ಣ ಸ್ಪೀಕರು, ಎರಡು ಹಾರ್ನು ಅವರ ಸರ್ವಸ್ವ. ಧ್ವನಿ ಏರಿಸಿ ಇಳಿಸುವ ಗುಂಡಿಗೆ ಎಲ್ಲರೂ ಕಂಟ್ರೋಲು ಎನ್ನುತ್ತಿದ್ದರು. ಆ ಕಾಲದಲ್ಲಿ ಸಕ್ಕರೆಗೂ ಕಂಟ್ರೋಲು, ಸೀಮೆಎಣ್ಣೆಗೂ ಕಂಟ್ರೋಲು. ಇಷ್ಟಿದ್ದೂ ಯಾವುದೂ ಯಾರ ಹಿಡಿತದಲ್ಲೂ ಇದ್ದಂತೆ ಕಾಣಲಿಲ್ಲ. ತಿಪ್ಪೇಸ್ವಾಮಿಯವರ ಕಂಟ್ರೋಲಿಗೆ ಜಗಳೂರು ಸೀಮೆಯ ಧೂಳು ಹೊಕ್ಕು, ತಿರುಗಿಸಿದರೆ ಕರಕರ ಎನ್ನುತ್ತಿತ್ತು. ನಡುಬೇಸಿಗೆ. ಮನೆಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಮುಗಿದಿತ್ತು, ನನಗೆ ಸಹನೆ ಮುಗಿದಿತ್ತು. ನೀರಿನಂತಿದ್ದ ಕೊಬ್ಬರಿ ಎಣ್ಣೆಯನ್ನು ನಾಲ್ಕು ತೊಟ್ಟು ಬಿಟ್ಟೆ.

ಗುಂಡಿ ಬೆಣ್ಣೆಯಂತೆ ತಿರುಗಿತು. ‘ಒಳ್ಳೆ ಕೈಗುಣ ಐತ್ರಿ ನಿಮ್ಮದು’ ಎಂದು ಹೊಗಳಿ ಅವರು ಹೋದರು. ಮಳೆಗಾಲದಲ್ಲಿ ನನಗೆ ಚನ್ನಗಿರಿಗೆ ವರ್ಗವಾಯಿತು. ಚಳಿ ಬಂದದ್ದು ಆಮೇಲೆ.

ಮಾಘದ ಒಂದು ಭಾನುವಾರ ನಮ್ಮ ಚನ್ನಗಿರಿಯ ಮನೆಯ ಬಾಗಿಲಲ್ಲಿ ತಿಪ್ಪೇಸ್ವಾಮಿ ನಿಂತಿದ್ದರು. ಆಂಪ್ಲಿಫೈಯರನ್ನು ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡು, ಬಸ್ಸು ಬದಲಿಸಿಕೊಂಡು ಬಂದಿದ್ದರು. ಹೊನ್ನಾಳಿಯ ಮದುವೆಯೊಂದರಲ್ಲಿ ಸಂಜೆ ಮೆರವಣಿಗೆಗೆಂದು ಪೂರ್ತಿ ಏರಿಸಿದ್ದ ಗುಂಡಿ ಬೆಳಗಿನ ಮುಹೂರ್ತದ ಹೊತ್ತಿಗೆ ಅಲ್ಲೇ ಸೆಟೆದು ನಿಂತಿತ್ತಂತೆ. ಹಾಕಿದರೆ ಸಿಡಿಲು, ತೆಗೆದರೆ ಮೌನ. ಅಯ್ನೋರ ಮಂತ್ರ ಯಾರಿಗೂ ಕೇಳದೆ, ವಧುವಿನ ತಂದೆ ಕೈಸನ್ನೆಯಲ್ಲೇ ತಾಳಿ ಕಟ್ಟಿಸಿದರಂತೆ.

‘ಮಧ್ಯಾನ ಸರಿ ಇರತೈತ್ರಿ, ಬೆಳಿಗ್ಗೆ ಅಲ್ಲಾಡಾಕೆ ಒಲ್ಲದು’ ಎಂದರು. ‘ಅದೇ ಮನೆಯೋರ ಇನ್ನೊಂದು ಮದುವೆ ಗುರುವಾರ ನ್ಯಾಮತಿಯಾಗೆ ಐತೆ. ಇನ್ನೊಂದ್ಸಲ ಹಿಂಗಾದ್ರೆ ದಾವಣಗೆರೆ ಸೆಟ್ ತರಸ್ತೀವಿ ಅಂದಾರೆ. ಅಲ್ಲಿಗೆ ನಮ್ಮದು ಮುಗೀತು.’

ಬೆಳಿಗ್ಗೆ ಬಿಗಿ, ಮಧ್ಯಾಹ್ನ ಸಡಿಲ ಎಂದ ಕೂಡಲೇ ನನಗೆ ನಮ್ಮ ಬಚ್ಚಲುಮನೆಯ ಶೀಸೆ ಕಣ್ಣಿಗೆ ಕಟ್ಟಿತು. ಒಪ್ಪಿಕೊಳ್ಳಲು ಬಾಯಿ ತೆರೆದೆ. ಹೊರಬಿದ್ದ ಮಾತು, ‘ಹವಾಗುಣದ ದೋಷ ಇರಬೇಕು.’

‘ಹಂಗೇ ಇರಬೇಕ್ರಿ’ ಎಂದು ಅವರು ವಿನಯದಿಂದ ತಲೆಯಾಡಿಸಿದರು.

ಪೆಟ್ಟಿಗೆ ಬಿಚ್ಚಿದೆ. ಈ ಸಲ ಒಂದೊಂದು ತಿರುಪುಮೊಳೆಯನ್ನೂ ಎಣಿಸಿ ಬಟ್ಟಲಿಗೆ ಹಾಕಿದೆ. ಯಾವ ತಂತಿ ಕಂಟ್ರೋಲಿನ ಯಾವ ಕಾಲಿಗೆ ಎಂದು ಕಾಗದದಲ್ಲಿ ಬರೆದೆ. ಕಂಟ್ರೋಲಿನ ತಗಡಿನ ಮುಚ್ಚಳ ಎಬ್ಬಿಸಿದೊಡನೆ ಅಭ್ಯಂಜನದ ಪರಿಮಳ ನಡುಮನೆಯನ್ನೆಲ್ಲ ತುಂಬಿತು. ಒಳಗೆ ಕುದುರೆಲಾಳದಾಕಾರದ ಕಪ್ಪು ಇಂಗಾಲದ ಪಟ್ಟಿ. ಅದರ ಮೇಲೆ ಓಡಾಡಬೇಕಾದ ಪುಟ್ಟ ತೋಳು ಎಣ್ಣೆ, ಧೂಳು ಕೂಡಿ ಆದ ಜಿಡ್ಡಿನಲ್ಲಿ ಹೂತುಹೋಗಿತ್ತು. ಪಕ್ಕದಲ್ಲೇ ಕುಳಿತಿದ್ದ ತಿಪ್ಪೇಸ್ವಾಮಿ ಚಾವಣಿ ನೋಡುತ್ತಿದ್ದರು. ದೇವರ ದೀಪಕ್ಕೆ ಹೊಸೆದಿಟ್ಟ ಬತ್ತಿಗಳನ್ನು ತಂದುಕೊಟ್ಟ ನನ್ನ ಹೆಂಡತಿ ಮಾತ್ರ ಮೂಗರಳಿಸಿ, ‘ಯಾರಿಗ್ರಿ ಎಣ್ಣೆಸ್ನಾನ?’ ಎಂದು ಕೇಳಿಯೇಬಿಟ್ಟಳು. ನಾನು ಕೆಮ್ಮಿದೆ.

ಆಸ್ಪತ್ರೆಯ ಕಾಂಪೌಂಡರರಿಂದ ಬೇಡಿ ತಂದ ಸ್ಪಿರಿಟ್ಟಿನಲ್ಲಿ ಬತ್ತಿ ಅದ್ದಿ ಒರೆಸಿದೆ. ಏಳೆಂಟು ಬತ್ತಿ ಕಪ್ಪಾದವು. ಪಟ್ಟಿ ಸವೆದ ಕಡೆ, ಅದೂ ಇಂಗಾಲವೇ ತಾನೆ ಎಂದು, ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ತೀಡಿದೆ. ಮೇಷ್ಟರ ವೃತ್ತಿಯ ಉಪಕರಣವೊಂದು ಅಂತೂ ಸತ್ಕಾರ್ಯಕ್ಕೆ ಒದಗಿತು. ಎಲ್ಲವನ್ನೂ ಕೂಡಿಸಿದಾಗ ಬಟ್ಟಲು ಖಾಲಿಯಾಗಿತ್ತು. ನನ್ನ ಜೀವನದಲ್ಲಿ ಅದೇ ಮೊದಲು, ಬಹುಶಃ ಅದೇ ಕೊನೆ. ಕೈಯೇನೋ ಹಗುರಾಯಿತು, ಮನಸ್ಸು ಹಗುರಾಗಲಿಲ್ಲ. ಊಟಕ್ಕೆ ಕೂತಾಗ ಹೇಳಬೇಕೆಂದುಕೊಂಡೆ, ರೊಟ್ಟಿ ಅಡ್ಡ ಬಂತು. ಮಜ್ಜಿಗೆಯ ಹೊತ್ತಿಗೆ ಹೇಳೋಣವೆಂದರೆ ಧೈರ್ಯವೇ ಅಡ್ಡ ಬಂತು.

ಪರೀಕ್ಷೆ ಬೆಳಗಿನ ಚಳಿಯಲ್ಲೇ ಆಗಬೇಕಿತ್ತು; ಅವರು ನಮ್ಮಲ್ಲೇ ಉಳಿದರು. ನಸುಕಿನಲ್ಲಿ ಅಂಗಳಕ್ಕೆ ಪೆಟ್ಟಿಗೆ ತಂದು, ಅವರು ಚೀಲದಲ್ಲಿ ತಂದಿದ್ದ ಮೈಕು, ಸಣ್ಣ ಸ್ಪೀಕರು ಜೋಡಿಸಿದೆವು. ಬಚ್ಚಲಲ್ಲಿ ಶೀಸೆಯ ಎಣ್ಣೆ ಕಲ್ಲಾಗಿತ್ತು. ತಿಪ್ಪೇಸ್ವಾಮಿ ಎರಡೇ ಬೆರಳಿನಿಂದ ಗುಂಡಿ ಮುಟ್ಟಿದರು. ‘ಹಲೋ’ ಎಂದರು, ಅದು ಬೀದಿಗೆ ಕೇಳುವಷ್ಟು ಏರಿತು, ಮತ್ತೆ ಪಿಸುಮಾತಿನಷ್ಟು ಇಳಿಯಿತು. ಅವರ ಮುಖ ಅರಳಿದ್ದನ್ನು ಕಂಡ ಮೇಲೆ ನನ್ನಿಂದ ತಡೆಯಲಾಗಲಿಲ್ಲ.

‘ತಿಪ್ಪೇಸ್ವಾಮಿಯವರೇ, ಹವಾಗುಣದ ದೋಷ ಅಲ್ಲ. ಆ ಬೇಸಿಗೆಯಲ್ಲಿ ಇದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟವನು ನಾನು.’

‘ಗೊತ್ತೈತ್ರಿ ಮೇಷ್ಟ್ರೇ’ ಎಂದು ಅವರು ಕಂಬಳಿ ಮಡಿಸತೊಡಗಿದರು. ‘ಹೊನ್ನಾಳಿಯಿಂದ ಬಂದ ದಿನಾನೇ ಮುಚ್ಚಳ ತೆಗೆದು ಮೂಸಿ ನೋಡಿದ್ದೆ.’

ಜಗಳೂರಿನಲ್ಲೇ ರಿಪೇರಿಯವನಿದ್ದಾನಲ್ಲ, ಕೆಡಿಸಿದವನ ಬಳಿಗೇ ಇಷ್ಟು ದೂರ ಹೊತ್ತು ಬಂದದ್ದೇಕೆ ಎಂದು ನಾಚಿಕೆಯಿಂದಲೇ ಕೇಳಿದೆ.

‘ಅವನ ಹತ್ರ ಬಿಚ್ಚಿಸಿದ್ರೆ, ಎಣ್ಣೆ ಹಾಕಿದ ಪುಣ್ಯಾತ್ಮ ಯಾರು ಅಂತ ಮೊದಲು ಕೇಳ್ತಿದ್ದ. ನಿಮ್ಮ ಹೆಸರು ಹೆಂಗೆ ಹೇಳಾಕೆ ಆಗತೈತ್ರಿ? ಅಲ್ಲಿ ಈಗಲೂ ನಿಮ್ಮನ್ನ ಜನ ನೆನೆಸ್ತಾರೆ.’

ಗುರುವಾರ ನ್ಯಾಮತಿಯ ಮದುವೆಗೆ ನನ್ನನ್ನೂ ಕರೆದೊಯ್ದರು. ಅಯ್ನೋರ ಒಂದೊಂದು ಮಂತ್ರವೂ ಸ್ಪಷ್ಟವಾಗಿ ಕೇಳಿತು. ಊಟದ ಪಂಕ್ತಿಯಲ್ಲಿ ಬೀಗರೊಬ್ಬರು, ಸೆಟ್ಟನ್ನು ಯಾರು ಸರಿ ಮಾಡಿದರೆಂದು ವಿಚಾರಿಸಿದರು. ತಿಪ್ಪೇಸ್ವಾಮಿ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿ, ‘ನಮ್ಮ ಮೇಷ್ಟ್ರು’ ಎಂದರು. ಕೆಡಿಸಿದ್ದು ಯಾರೆಂದು ಬೀಗರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.