ಚೆಂಡು ಎಸೆಯುವ ಹುಡುಗನಿಗೆ ದೃಷ್ಟಿ ತೆಗೆದದ್ದು

ಮಗಳಿಗೆ ವರ ಹುಡುಕುವ ಭಾಗ್ಯ ನನಗೆ ಒದಗಲಿಲ್ಲ. ಅವಳೇ ಹುಡುಕಿಕೊಂಡು ನಮಗೆ ತಿಳಿಸಿದಳು. ಹಾಗೆ ಉಳಿದುಹೋದ ಚಿಂತೆಯನ್ನೆಲ್ಲ ನಾನೀಗ ಇಲ್ಲಿನ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡಕ್ಕೊಬ್ಬ ಕ್ವಾರ್ಟರ್‌ಬ್ಯಾಕ್ ಹುಡುಕುವುದರಲ್ಲಿ ವಿನಿಯೋಗಿಸುತ್ತಿದ್ದೇನೆ. ತಂಡದವರು ನನ್ನನ್ನು ಕೇಳಿಲ್ಲ ಎಂಬುದು ಬೇರೆ ಮಾತು.

ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡು ಎಸೆಯುವ ನಾಯಕ. ಗೋದಾಮಿನ ಬಾಗಿಲಿನಷ್ಟು ಅಗಲದ ನಾಲ್ಕೈದು ಜನ ಮೈಮೇಲೆ ಬೀಳುವ ಮುನ್ನ, ದೂರದಲ್ಲಿ ಓಡುತ್ತಿರುವ ತನ್ನವನನ್ನು ಗುರುತಿಸಿ ಅವನ ಕೈಗೆ ಚೆಂಡು ತಲುಪಿಸಬೇಕು. ತಲುಪಿದರೆ ಹಿಡಿದವನಿಗೆ ಚಪ್ಪಾಳೆ. ತಪ್ಪಿದರೆ ಎಸೆದವನಿಗೆ ಶಾಪ. ಹಳೆಯ ಕಾಲದ ರಾಜರಾದರೂ ಯುದ್ಧ ಮುಗಿದ ಮೇಲೆ ಸೇನಾಪತಿಯನ್ನು ಬದಲಿಸುತ್ತಿದ್ದರು. ನಮ್ಮ ತಂಡಕ್ಕೆ ಅಷ್ಟು ತಾಳ್ಮೆಯೂ ಇಲ್ಲ. ಬಂದವರಲ್ಲಿ ಒಬ್ಬನಿಗೆ ಮಂಡಿ ನೋವು, ಇನ್ನೊಬ್ಬನಿಗೆ ವಯಸ್ಸು, ಮತ್ತೊಬ್ಬನಿಗೆ ಎದುರಾಳಿಗಳ ಮೇಲೆ ವಿಪರೀತ ಔದಾರ್ಯ.

ಕಳೆದ ಸೀಸನ್ನಿನಲ್ಲಿ ಒಬ್ಬ ಎಳೆಯ ಹುಡುಗ ಬಂದ. ನನ್ನ ಹೆಂಡತಿ ಸುಶೀಲೆಗೆ ಆಟದ ನಿಯಮ ಒಂದೂ ತಿಳಿಯದು. ಅವನನ್ನು ಕಂಡರೆ ಮಾತ್ರ ಕರುಳು ಚುರುಕ್ಕೆನ್ನುತ್ತಿತ್ತು. "ಅಷ್ಟೊಂದು ಜನ ಬಂದು ಬೀಳ್ತಾರಲ್ರೀ, ಪಾಪ!" ಒಂದು ಭಾನುವಾರ, ಅಂದಿನ ಪಂದ್ಯ ಗೆದ್ದರೆ ಅವನ ಜಾಗ ಉಳಿಯುತ್ತದೆ, ಸೋತರೆ ಇಲ್ಲ ಎಂದು ಟಿವಿಯವರು ಬೆಳಗಿನಿಂದ ಸಾರುತ್ತಿದ್ದರು.

ಧಾರವಾಡ ಕಡೆಯ ಗೆಳೆಯ ಗೋಪಣ್ಣ ಸ್ಯಾನ್ ಡಿಯಾಗೋದ ಕರ್ನಿ ಮೆಸಾದಿಂದ ವುಡ್‌ಲ್ಯಾಂಡ್ ಹಿಲ್ಸ್‌ನ ನಮ್ಮ ಮನೆಗೆ ಪಂದ್ಯ ನೋಡಲೆಂದೇ ಡ್ರೈವ್ ಮಾಡಿಕೊಂಡು ಬಂದಿದ್ದ. "ಏನಪಾ, ನಿಮ್ಮ ಹುಡುಗ ಇವತ್ತರೆ ಚೆಂಡು ನಮ್ಮವರ ಕೈಯಾಗ ಕೊಡ್ತಾನೋ, ಇಲ್ಲೋ?" ಎನ್ನುತ್ತಲೇ ಚಪ್ಪಲಿ ಬಿಟ್ಟ.

ಹುಡುಗ ಕೊಟ್ಟ. ಕೊಡುತ್ತಲೇ ಹೋದ. ಪಂದ್ಯ ಕೊನೆಗೆ ಬಂದಿತ್ತು. ಇನ್ನೊಂದು ಸಲ ಚೆಂಡು ಗೆರೆ ದಾಟಿದರೆ ಗೆಲುವು. "ಏನ್ ಛಲೋ ಒಗೀತಾನಪಾ ಇವಾ!" ಎಂದು ಗೋಪಣ್ಣ ಬಾಯ್ತುಂಬ ಹೊಗಳಿದ ಮರುಕ್ಷಣವೇ ಹುಡುಗ ಮಕಾಡೆ ಬಿದ್ದ.

"ನಿಮ್ಮ ಕಣ್ಣೇ ಬಿತ್ತು, ಗೋಪಣ್ಣ!" ಎಂದು ಸುಶೀಲೆ ಎದ್ದಳು. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಟಿವಿಗೆ ನಿವಾಳಿಸಿ, ಕಾದ ಬಾಣಲೆಗೆ ಹಾಕಿದಳು. ದೃಷ್ಟಿ ತಗುಲಿದ್ದರೆ ಘಾಟು ಏಳುವುದಿಲ್ಲ ಎಂಬುದು ಶಾಸ್ತ್ರ. ಎದ್ದ ಘಾಟಿನ ಪ್ರಕಾರ, ಆ ಹುಡುಗನ ಮೇಲೆ ಭೂಮಂಡಲದಲ್ಲಿ ಯಾರ ಕಣ್ಣೂ ಬಿದ್ದಿರಲಿಲ್ಲ. ಹೊಗೆಯ ಅಲಾರ್ಮ್ ಅರಚತೊಡಗಿತು. ಮೂವರೂ ಕೆಮ್ಮುತ್ತ ಅಂಗಳಕ್ಕೆ ಓಡಿದೆವು. ಹುಡುಗ ಎದ್ದು ಎಸೆದ ಕೊನೆಯ ಎಸೆತ ನಮ್ಮ ಬೆನ್ನ ಹಿಂದೆ ನಡೆದುಹೋಯಿತು.

ಒಳಗೆ ಬಂದಾಗ ಅದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರು. ಚೆಂಡು ಹೋಗಿ ಓಡುತ್ತಿದ್ದವನ ಅಂಗೈಗಳ ನಡುವೆ ನೆಟ್ಟಗೆ ಕೂತಿತ್ತು, ಅವನೇ ಕೈಬಿಟ್ಟ. ಸೋತೆವು.

ಆಮೇಲೆ ಹುಡುಗ ಮೈಕಿನ ಮುಂದೆ ಬಂದು, ತಾನು ಇನ್ನೂ ಚೆನ್ನಾಗಿ ಎಸೆಯಬೇಕಿತ್ತು, ತಪ್ಪು ತನ್ನದೇ ಎಂದ.

"ಕೈಬಿಟ್ಟವನ ಹೆಸರೂ ಎತ್ತಲಿಲ್ಲ ನೋಡ್ರೀ," ಎಂದಳು ಸುಶೀಲೆ.

ಗೋಪಣ್ಣನ ಕಣ್ಣಲ್ಲಿ ನೀರಿತ್ತು. ಅದು ಮೆಣಸಿನಕಾಯಿಯದೆಂದು ಮೂವರೂ ಒಪ್ಪಿಕೊಂಡೆವು. "ನಂಬಿಗಸ್ಥ ಬೇಕು, ನಂಬಿಗಸ್ಥ ಬೇಕು ಅಂತಾರ. ಇವನ್ನ ಬಿಟ್ಟು ಇನ್ನೆಂಥಾವ್ನ ಹುಡುಕ್ತಾರಪಾ ಇವರು?"

ಮರುದಿನ ತಂಡದವರು ಬೇರೊಬ್ಬನ ಹೆಸರು ಪ್ರಕಟಿಸಿದರು. ನಮ್ಮ ಮನೆಯಲ್ಲಿ ಆ ಆದೇಶ ಇನ್ನೂ ಜಾರಿಗೆ ಬಂದಿಲ್ಲ.