ಪರದೆಯ ಆ ಕಡೆ

ಮುಂಬಯಿ ಬಿಟ್ಟ ಗಾಡಿ ಬಿಸಿಲೇರುವ ಹೊತ್ತಿಗೆ ಶಹಾಬಾದ ದಾಟಿ ವಾಡಿಗೆ ಬಂತು. ನನ್ನ ಕಾಲಡಿಯ ತಗಡಿನ ಡಬ್ಬಿಗಳಲ್ಲಿ ನಾನೇ ಬರೆದು, ನಾನೇ ನಟಿಸಿ, ನಾನೇ ನಿಂತು ತೆಗೆಸಿದ ಮೂಕಿಚಿತ್ರವಿತ್ತು. ದಾರಿಯಲ್ಲಿ ಪಕ್ಕದವನು ಬೀಡಿ ಹಚ್ಚಿದಾಗ, ಈ ಸುರುಳಿಗಳಿಗೆ ಕಿಡಿ ತಗುಲಿದರೆ ನೀವೂ ಉಳಿಯುವುದಿಲ್ಲ ಎಂದೆ. ಆಸಾಮಿ ಮುಂದಿನ ಸ್ಟೇಷನ್ನಿನಲ್ಲಿ ಜಾಗವನ್ನೇ ಬದಲಿಸಿದ.

ವಾಡಿಯಲ್ಲಿ ಗಾಡಿ ಬದಲಿಸಬೇಕು, ರೊಕ್ಕವನ್ನೂ ಬದಲಿಸಬೇಕು. ಅಲ್ಲಿಂದಾಚೆ ನಿಜಾಮರ ರೈಲು, ನಿಜಾಮರ ಹಾಲಿ ಸಿಕ್ಕಾ ನಾಣ್ಯ. ಸ್ಟೇಷನ್ನಿನ ಹೊರಗೆ ಒಬ್ಬ ಮುದುಕಿ ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಮುಂಬಯಿಯ ಹೋಟೆಲೂಟವನ್ನೆಲ್ಲ ಇದರ ಮುಂದೆ ನಿವಾಳಿಸಿ ಒಗೆಯಬೇಕು.

ಚಿತ್ತಾಪುರ ನನ್ನ ತವರು. ನಾನು ಸಿನೆಮಾ ಸೇರಿದಂದಿನಿಂದ, ಏಳು ವರ್ಷ, ಅವ್ವ ನನ್ನೊಡನೆ ಮಾತು ಬಿಟ್ಟಿದ್ದಳು. ಊರೆಲ್ಲ ಹೊಗಳಲಿ ಬಿಡಲಿ, ಅವಳೊಮ್ಮೆ ನೋಡಲಿ ಎಂದೇ ನಾನು ಬಂದದ್ದು. ಸಿನೆಮಾ ತೋರಿಸುವ ತಂಬಿನ ಮಾಲೀಕ ಸಾಹೇಬರು ನಡುವೆ ಬಿಳಿ ಪರದೆ ಕಟ್ಟಿಸಿ ನೀರು ಚಿಮುಕಿಸಿದ್ದರು. ಒದ್ದೆ ಬಟ್ಟೆಯಲ್ಲಿ ಚಿತ್ರ ಎರಡೂ ಕಡೆ ಮೂಡುತ್ತದೆ. ಪರದೆಯ ಮುಂದೆ ಗಂಡಸರು, ಪರದೆಯ ಹಿಂದೆ ಹೆಂಗಸರು, ಅದು ಇಲ್ಲಿಯ ರಿವಾಜು. ಸಂಜೆ ಅತ್ತಿಗೆಯ ಸಂಗಡ ಅವ್ವ ಬಂದಳು. ನನ್ನ ಕಡೆ ಕಣ್ಣೆತ್ತದೆ ಚಾಪೆಯ ತುದಿಯಲ್ಲಿ ಕುಳಿತಳು.

ಹೆಂಗಸರ ಕಡೆ ನಾನೇ ನಿಂತು ಕಥೆ ಹೇಳಿದೆ. ಪರದೆಯ ಮೇಲಿನ ನಾನು ಗಂಡನ ಮನೆಯಲ್ಲಿ ಮೊದಲ ಊಟಕ್ಕೆ ಕೂತಾಗ ಅವ್ವ ಬಾಯಿಬಿಟ್ಟಳು.

“ಎಡಗೈಲೆ ಉಣ್ಣಾಕತ್ತೀದಿಯಲ್ಲ. ನಾ ಇದನ್ನೇ ಕಲಿಸೀನೇನು ನಿನಗ?”

ನಗುವೂ ಬಂತು, ಅಳುವೂ ಬಂತು. ಹಿಂದೆ ಕೂತವರಿಗೆ ಬಲ ಎಡವಾಗಿ ಕಾಣುತ್ತದೆ, ಉಂಡದ್ದು ಬಲಗೈಯಲ್ಲೇ, ಆ ಕಡೆ ಹೋದರೆ ತಿಳಿಯುತ್ತದೆ ಎಂದೆ. ಆ ಕಡೆ ಗಂಡಸರು. ಇನ್ನು ಮುಗಿಯಿತೆಂದು ನಾನು ಆಸೆ ಬಿಡುವಷ್ಟರಲ್ಲಿ ಅವ್ವ ಎದ್ದು, ಸೆರಗನ್ನು ಹಣೆಗೆಳೆದುಕೊಂಡು, ಪರದೆ ಸುತ್ತಿ ಮುಂದೆ ನಡೆದಳು. ಸಾಹೇಬರು ರಿವಾಜಿನ ಮಾತು ತೆಗೆದರು.

“ನನ್ನ ಮಗಳ ಚಿತ್ರ ಅದರಿ. ಸರಿಯಾಗಿ ನೋಡಬೇಕು. ಮತ್ತ ಮೊದಲಿಂದ ತಿರುವ್ರಿ.”

ಗಂಡಸರು ಸರಿದು ಜಾಗ ಕೊಟ್ಟರು. ಅವಳ ಬೆನ್ನಿಗೆ ಅತ್ತಿಗೆಯೂ ಹೋದಳು, ಇನ್ನೂ ನಾಲ್ಕಾರು ಹೆಂಗಸರು ಹೋದರು. ಸಾಹೇಬರು ಗಡ್ಡ ಕೆರೆದುಕೊಂಡು ಮಷಿನ್ನಿನವನಿಗೆ ಕೈ ಮಾಡಿದರು.

ಮರುದಿನ ಶಹಾಬಾದದಲ್ಲಿ ಆಟವಿತ್ತು. ಸ್ಟೇಷನ್ನಿಗೆ ಬಂದರೆ ಅವ್ವ ಅಲ್ಲಿದ್ದಳು. ಚಿತ್ರ ಹೇಗಿತ್ತೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಕಳಿಸಲು ಬಂದಿದ್ದಾಳೆಂದುಕೊಂಡೆ. ಗಾಡಿ ನಿಂತದ್ದೇ ನನಗಿಂತ ಮೊದಲು ಹತ್ತಿ ಕಿಟಕಿಯ ಬಳಿ ಕುಳಿತಳು.

“ಶಾಬಾದದಾಗೂ ಹೆಣ್ಮಕ್ಕಳನ್ನ ಹಿಂದೇ ಕುಂದರಸ್ತಾರ. ಹತ್ತು ಲಗು, ನಾ ಬರ್ತೀನಿ.”