ಸರದಿಯ ಮೇಲೆ ಬರುವ ಗೌರಮ್ಮ

ಅರಸೀಕೆರೆಯಲ್ಲಿ ಗಾಡಿ ಬದಲಿಸುವಾಗ ನನ್ನ ಟ್ರಂಕು ಹಳೆಯ ಗಾಡಿಯಲ್ಲೇ ಉಳಿದುಬಿಡಬಹುದಿತ್ತು. ಹೊಳೆನರಸೀಪುರದ ಸ್ಟೇಷನ್ನಿಗೆ ಕರೆಯಲು ಯಾರೂ ಬರದೆ ಇರಬಹುದಿತ್ತು. ಎತ್ತಿನ ಗಾಡಿ ದಾರಿಯಲ್ಲಿ ಮಗುಚಬಹುದಿತ್ತು. ಗಂಡನಿಲ್ಲದ ಪರದೇಶದ ಹೆಂಗಸಿಗೆ ಬಾಡಿಗೆ ಕೋಣೆ ಸಿಗದಿರಬಹುದಿತ್ತು. ನನ್ನ ಧಾರವಾಡದ ಮಾತಿಗೆ ಮಕ್ಕಳು ನಗಬಹುದಿತ್ತು, ಅವರ ಮಾತು ತಿಳಿಯದೆ ನಾನು ಅಳಬಹುದಿತ್ತು. ರಾಗಿಮುದ್ದೆ ಗಂಟಲಲ್ಲಿ ಸಿಕ್ಕಿ ನಲವತ್ತಾರನೇ ವಯಸ್ಸಿಗೇ ನನ್ನ ಕಥೆ ಮುಗಿಯಬಹುದಿತ್ತು. ಇನ್ಸ್‌ಪೆಕ್ಟರು ಬಂದು ಶಾಲೆಯನ್ನೇ ಮುಚ್ಚಬಹುದಿತ್ತು. ಇಷ್ಟನ್ನೂ ರೈಲಿನಲ್ಲಿ ಕೂತು ಒಂದೊಂದಾಗಿ ಚಿಂತಿಸಿ ಮುಗಿಸಿದ್ದೆ. ಚಿಂತಿಸದೆ ಬಿಟ್ಟದ್ದು ಒಂದನ್ನೇ. ನಿನ್ನೆ ಏಳರ ಮಗ್ಗಿಯನ್ನು ಉಸಿರು ಬಿಡದೆ ಹೇಳಿದ ಹುಡುಗಿ ಇವತ್ತು ಎದ್ದು ನಿಂತು, ಒಂದಿಷ್ಟೂ ನಾಚಿಕೆಯಿಲ್ಲದೆ, "ಏಳರದಾ? ನಂಗ್ ಯಾವತ್ತೂ ಏಳ್ಕೊಟ್ಟೇ ಇಲ್ವಲ್ಲ ಮೇಷ್ಟ್ರಮ್ಮಾರೇ" ಎಂದರೆ ಏನು ಮಾಡಬೇಕು?

ಧಾರವಾಡದಲ್ಲಿ ನಾನು 'ಅಕ್ಕೋರು'. ಇಲ್ಲಿ 'ಮೇಷ್ಟ್ರಮ್ಮ', ಅಂದರೆ ಮೇಷ್ಟ್ರ ಹೆಂಡತಿಯಲ್ಲ, ತಾನೇ ಮೇಷ್ಟ್ರಾದ ಹೆಂಗಸು. ಹೆಣ್ಣುಮಕ್ಕಳ ಶಾಲೆಗೆ ಹೆಂಗಸರೇ ಬೇಕು, ಈ ಸೀಮೆಯಲ್ಲಿ ಸಿಗುತ್ತಿಲ್ಲ ಎಂದು ಹಾಸನದಲ್ಲಿದ್ದ ನೆಂಟರೊಬ್ಬರು ಬರೆದದ್ದಕ್ಕೆ ನಾನು ಹೊರಟು ಬಂದೆ. ಹಳ್ಳಿಮೈಸೂರಿಗೆ ನಡೆದು ಹೋಗುವಷ್ಟು ದೂರದ ಈ ಹಳ್ಳಿಯಲ್ಲಿ, ಬೆಲ್ಲ ಮೆಣಸಿನಕಾಯಿ ವ್ಯಾಪಾರದವರ ಮನೆಯ ಹಿಂದಿನ ಕೋಣೆ ನನ್ನದಾಯಿತು. ಮನೆಯಾಕೆ ಬಸಮ್ಮ ನನ್ನ ಕೊರಳಿನ ಲಿಂಗ ನೋಡಿ ಮರುಮಾತಿಲ್ಲದೆ ಬೀಗ ತೆಗೆದಳು. ಮೊದಲ ದಿನವೇ "ರೊಟ್ಟಿ ಮಾಡಿವ್ನಿ, ಬನ್ನಿ" ಎಂದಳು. ಹಿಗ್ಗಿ ಓಡಿದರೆ, ಅದು ಅಕ್ಕಿರೊಟ್ಟಿ! ರುಚಿಗೇನೂ ಕಡಿಮೆಯಿಲ್ಲ. ಆದರೆ ನಮ್ಮಲ್ಲಿ ಬೆಳಗಾದರೆ ಓಣಿಯ ತುಂಬ ಜೋಳದ ರೊಟ್ಟಿ ಬಡಿಯುವ ಸದ್ದು; ಇಲ್ಲಿ ಬೆಳಗಿನಲ್ಲಿ ಸದ್ದೇ ಇಲ್ಲ. ಮೊದಲ ವಾರ ಊರಿಗೆ ಊರೇ ಉಪವಾಸವಿದೆಯೇನೋ ಎಂದು ಕಳವಳಪಟ್ಟೆ.

ನಿಜವಾದ ಕಳವಳ ಮೇಲಿನ ಕಛೇರಿಯ ಕಾಗದದ ರೂಪದಲ್ಲಿ ಬಂತು. ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು ಹುಡುಗಿಯರಿದ್ದರು. ಇಪ್ಪತ್ತೈದಾದರೂ ಇಲ್ಲದಿದ್ದರೆ ನಮ್ಮನ್ನು ಗಂಡುಮಕ್ಕಳ ಶಾಲೆಗೆ ಸೇರಿಸುತ್ತಾರಂತೆ. ಇನ್ಸ್‌ಪೆಕ್ಟರು ಬಂದು ನೋಡಿ ತೀರ್ಮಾನಿಸುತ್ತಾರಂತೆ.

"ಸೇರಿಸಿದ್ರ ಸೇರಿಸ್ಲಿ ಬಿಡ್ರಿ, ಎಲ್ಲಿದ್ರೂ ಪಾಠ ಪಾಠಾನ" ಎಂದೆ ಬಸಮ್ಮನಿಗೆ, ಧೈರ್ಯದ ಸೋಗು ಹಾಕಿ.

"ಗಂಡೈಕ್ಳ ಜೊತೆ ಕೂರ್ಸಕ್ಕೆ ಯಾರ್ ಕಳುಸ್ತಾರೆ? ಅವತ್ತಿಂದ್ಲೇ ಒಬ್ಬೊಬ್ಬಳ್ನೂ ಮನೇಲಿ ಕೂರ್ಸ್ಕತಾರೆ. ನಿಮ್ದೂ ಗಾಡಿ ಕಟ್ಟಾದೇಯ."

ಹತ್ತೊಂಬತ್ತು ಹುಡುಗಿಯರ ಓದು ಹೋಗುತ್ತದೆ. ನಾನು ಧಾರವಾಡಕ್ಕೆ ಮರಳಿ ಅಣ್ಣನ ಮನೆಯ ಮೂಲೆ ಹಿಡಿಯುತ್ತೇನೆ.

ಇದರ ನಡುವೆ ಈ ಗೌರಮ್ಮ. ದಿನಕ್ಕೊಂದು ಹೊಸ ಮಗ್ಗಿ, ಬೆಳಿಗ್ಗೆ ಕಲಿಸಿ ಸಂಜೆ ಒಪ್ಪಿಸಿಕೊಳ್ಳುವುದು ನನ್ನ ಪದ್ಧತಿ. ಗೌರಮ್ಮ ಸಂಜೆ ಸರಿಯಾಗಿ ಒಪ್ಪಿಸುತ್ತಾಳೆ, ಮಾರನೆಯ ದಿನ ಅದರ ಹೆಸರೂ ಕೇಳಿಲ್ಲ ಎನ್ನುತ್ತಾಳೆ. ಮೊದಲು ನನ್ನ ಪಾಠದ ಮೇಲೆ ಅನುಮಾನ ಬಂತು, ಆಮೇಲೆ ಅವಳ ತಲೆಯ ಮೇಲೆ, ಕಡೆಗೆ ನನ್ನ ಕಣ್ಣಿನ ಮೇಲೆ. ನನ್ನ ಮೂಗಿನ ಮೇಲಿರುವುದು ತೀರಿಕೊಂಡ ಯಜಮಾನರ ಕನ್ನಡಕ. ಅವರಿಗೆ ಹೊಂದುತ್ತಿದ್ದದ್ದು ನನಗೆ ಹೊಂದಬೇಕೆಂದೇನೂ ಇಲ್ಲ. ಹಿಂದಿನ ಸಾಲಿನ ಮಕ್ಕಳನ್ನು ನಾನು ಮುಖದಿಂದಲ್ಲ, ಬಟ್ಟೆಯಿಂದ ಗುರುತಿಸುತ್ತಿದ್ದೆ. ಹಸಿರು ಲಂಗ ಎಂದರೆ ಗೌರಮ್ಮ.

ಏನಾದರೂ ಕಾಯಿಲೆಯೇ ಎಂದು ಒಂದು ಸಂಜೆ ಅವಳ ಮನೆಗೇ ಹೋದೆ. ಒಕ್ಕಲು ಮನೆ. ತಾಯಿ ಕೆಂಪಮ್ಮ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು.

"ನಿಮ್ಮ ಗೌರಮ್ಮಗ ಮರವು ಭಾಳ ಐತ್ರೀ. ನಿನ್ನೆ ಕಲಿಸಿದ್ದು ಇವತ್ತ ಇರೂದಿಲ್ಲ."

"ನಿನ್ನೆ ಅವ್ಳೆಲ್ಲಿ ಬಂದಿದ್ಲು ಮೇಷ್ಟ್ರಮ್ಮಾರೇ? ನಿನ್ನೆ ನಿಂಗಿ ಸರದಿ" ಎಂದು ಕೆಂಪಮ್ಮ ಒಳಗೆ ಕೂಗಿದಳು. "ಲೇ, ಬರ್ರೇ ಇಲ್ಲಿ!"

ಮೂವರು ಹುಡುಗಿಯರು ಬಂದು ಬಾಗಿಲಲ್ಲಿ ಸಾಲಾಗಿ ನಿಂತರು. ಒಂದೇ ಎತ್ತರ, ಒಂದೇ ಎಣ್ಣೆ ಜಡೆ. ಒಬ್ಬಳ ಮೈಮೇಲೆ ಹಸಿರು ಲಂಗ.

"ಇವ್ಳು ಗೌರಿ, ಇವ್ಳು ನಿಂಗಿ, ಇವ್ಳು ನಮ್ ಮೈದ್ನನ್ ಮಗ್ಳು ಪುಟ್ತಾಯಿ. ಈ ಯುದ್ದದ್ ದೆಸೆಯಿಂದ ಬಟ್ಟೆ ಎಲ್ಲೈತೆ? ಇರಾದ್ ಒಂದ್ ಒಳ್ಳೇ ಲಂಗ. ಒಬ್ಳು ಕೂಸ್ ನೋಡ್ಕತಾಳೆ, ಒಬ್ಳು ಒಲಕ್ಕೆ ಬುತ್ತಿ ಒತ್ಕಂಡ್ ಓಯ್ತಾಳೆ, ಒಬ್ಳು ಇಸ್ಕೂಲ್ಗೆ."

"ಹೆಸರು ಒಂದ ಹಚ್ಚೀರಲ್ರೀ?"

"ಮನೆಗ್ ಒಂದೇ ಅಲ್ವಾ ಕೊಡಾದು? ಕೆರೆ ನೀರ್ ಇದ್ದಂಗೆ."

ಇದನ್ನು ನಿಮಗೆ ಬಿಡಿಸಿ ಹೇಳಬೇಕು. ನಮ್ಮ ಕಡೆ ಹೊಲಕ್ಕೆ ಮಳೆಯೇ ಗತಿ. ಇಲ್ಲಿ ಕೆರೆಯ ಕೆಳಗೆ ಗದ್ದೆ. ನೀರುಗಂಟಿ ಎಂಬುವನೊಬ್ಬ ಮನೆಗೊಂದು ಸರದಿಯಂತೆ ನೀರು ಬಿಡುತ್ತಾನೆ. ಆ ಹೊತ್ತಿಗೆ ಕಾಲುವೆಯ ಮಡೆ ತಿರುಗಿಸಲು ಅಣ್ಣ ಬಂದನೋ ತಮ್ಮ ಬಂದನೋ, ಅವನು ಕೇಳುವುದಿಲ್ಲ, ಸರದಿ ಮನೆಯದು. ಶಾಲೆಯನ್ನೂ ಇವರು ಹಾಗೆಯೇ ತಿಳಿದಿದ್ದರು, ನಾನು ಎರಡನೇ ನೀರುಗಂಟಿ! ಊರೆಲ್ಲ ಸುತ್ತಿ ಕೇಳಿದರೆ ಇನ್ನೂ ಏಳು ಮನೆಗಳಲ್ಲಿ ಇದೇ ಏರ್ಪಾಡು. ನನ್ನ ಹತ್ತೊಂಬತ್ತು ಹೆಸರಿನೊಳಗೆ ಇಪ್ಪತ್ತೆಂಟು ಹುಡುಗಿಯರಿದ್ದರು.

ಖುಷಿಪಡುವುದು ಬಿಟ್ಟು ಹೆದರಿದೆ. ತನಿಖೆ ಹತ್ತಿರ ಬಂದಾಗ ಸುಳ್ಳು ಹೆಸರು ತುಂಬುವ ಮೇಷ್ಟ್ರುಗಳ ಸುದ್ದಿ ಎಲ್ಲ ಸೀಮೆಯಲ್ಲೂ ಉಂಟು. ನಾನು ನಿಜವಾದ ಒಂಬತ್ತು ಹೆಸರು ಒಂದೇ ದಿನ ಬರೆದರೆ ಅದು ಅಪ್ಪಟ ಸುಳ್ಳಿನಂತೆಯೇ ಕಾಣುತ್ತದೆ. ಬರೆಯದಿದ್ದರೆ ಶಾಲೆ ಮುಚ್ಚುತ್ತದೆ. ಎರಡು ದಿನ ಲೆಕ್ಕಣಿಕೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಮೂರನೆಯ ದಿನ ಬರೆದೆ. ತನಿಖೆಯ ದಿನ ಯಾವ ಬಟ್ಟೆಯಲ್ಲಾದರೂ ಸರಿ, ಎಲ್ಲರೂ ಬನ್ನಿ ಎಂದು ಮನೆಮನೆಗೆ ಹೇಳಿ ಬಂದೆ.

ಇನ್ಸ್‌ಪೆಕ್ಟರು ಅರಕಲಗೂಡಿನ ಕಡೆಯವರು, ಒಕ್ಕಲು ಮನೆತನದಿಂದ ಓದಿ ಮೇಲೆ ಬಂದವರು. ಹಾಜರಿ ಪುಸ್ತಕ ತೆರೆದವರೇ ನನ್ನತ್ತ ನೋಡಿದರು.

"ಒಂದೇ ದಿನಕ್ಕೆ ಒಂಬತ್ತು ಹೆಸರು! ಏನಮ್ಮಾ, ನಾನು ಬರ್ತೀನಿ ಅಂತ ಪಕ್ಕದೂರಿಂದ ಎರವಲು ತಂದಿರಾ?"

ನಾನು ಹುಡುಗಿಯರ ಕಡೆ ಕೈ ತೋರಿಸಿದೆ. ಅವರು ಮೊದಲ ಹೆಸರು ಕೂಗಿದರು: "ಗೌರಮ್ಮ."

ಮೂವರೂ ಎದ್ದು ನಿಂತು "ಬಂದಿವ್ನಿ ಸಾ" ಎಂದರು. ಅವರವರ ಹೆಸರಿಗೆ ಮಾತ್ರ ಏಳಬೇಕೆಂದು ವಾರವಿಡೀ ಹೇಳಿಕೊಟ್ಟಿದ್ದೆ. ತಿಂಗಳುಗಟ್ಟಲೆಯ ರೂಢಿ ನನ್ನ ಒಂದು ವಾರಕ್ಕೆ ಬಗ್ಗಲಿಲ್ಲ.

"ಯಾರೇ ನಿಮ್ಮಲ್ಲಿ ಗೌರಮ್ಮ?"

"ನಾನೇ ಸಾ. ಅವರ್ ಸರದೀಲಿ ಅವ್ರೂನೂವೆ" ಎಂದಳು ಗೌರಿ.

ಅವರು ಹುಬ್ಬು ಗಂಟಿಕ್ಕಿ, "ಏಳರ ಮಗ್ಗಿ ಹೇಳು" ಎಂದರು.

"ಅದು ನಿಂಗಿದು ಸಾ. ನಂದು ಎರಡು, ಐದು, ಎಂಟು."

"ಆರರದು?"

"ಪುಟ್ತಾಯಿದು. ಮೂರರದೂ ಅವಳ್ದೇಯ."

ಅವರು ಕುರ್ಚಿ ಎಳೆದುಕೊಂಡು ಕೂತರು. ಕೇಳುತ್ತಾ ಹೋದರು. ಗೌರಿ ಹೇಳಿದ್ದು ಇನ್ನಿಬ್ಬರಿಗೆ ಬಾರದು, ಅವರು ಹೇಳಿದ್ದು ಇವಳಿಗೆ ಬಾರದು. ಮೂವರನ್ನೂ ಒಟ್ಟಿಗೆ ನಿಲ್ಲಿಸಿದರೆ ಹತ್ತರವರೆಗೆ ಒಂದೂ ಬಿಟ್ಟುಹೋಗಿಲ್ಲ. ಇನ್ನೊಂದು ಮನೆಯ ಅಕ್ಕ ಪದ್ಯದ ಮೊದಲರ್ಧ ಹೇಳಿ ನಿಂತಳು, ತಂಗಿ ಉಳಿದರ್ಧ ಮುಗಿಸಿದಳು. ಇನ್ಸ್‌ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮಕ್ಕಳಿಗೆ ಗೊತ್ತಿರೋ ಹಂಗೆ ನಟಿಸೋದು ಕಲಿಸಬಹುದು ಕಣಮ್ಮ. ಗೊತ್ತಿಲ್ದೇ ಇರೋದನ್ನ ಇಷ್ಟು ಲೆಕ್ಕವಾಗಿ ಯಾರಿಗೂ ಕಲಿಸಕ್ಕಾಗಲ್ಲ. ಶಾಲೆ ಇಲ್ಲೇ ಇರ್ಲಿ. ನಾಳೆಯಿಂದ ಎಲ್ರೂ ದಿನಾ ಬರ್ಬೇಕು. ಕೂಸಿದ್ರೆ ಕೂಸನ್ನೂ ಎತ್ಕೊಂಡು ಬರ್ಲಿ."

ಈಗ ಇಪ್ಪತ್ತೆಂಟು ಹುಡುಗಿಯರೂ ನಾಲ್ಕು ಕೂಸುಗಳೂ ಬರುತ್ತಾರೆ. ಮೂವರು ಗೌರಮ್ಮಂದಿರೂ ಎಂಟರ ಮಗ್ಗಿಯಲ್ಲಿ ಒಂದೇ ಜಾಗದಲ್ಲಿ ತಪ್ಪುತ್ತಾರೆ. ಇದನ್ನು ಪ್ರಗತಿ ಎಂದು ಬರೆಯಬಹುದೋ ಇಲ್ಲವೋ ತಿಳಿಯದು. ಮೇಲಿನವರು ಕೇಳಿದ ದೊಡ್ಡ ಪಟ್ಟಿಯನ್ನು ವಾರವಿಡೀ ತುಂಬಿದೆ: ಪ್ರತಿ ಹುಡುಗಿಯ ಹೆಸರು, ಜಾತಿ, ತಂದೆಯ ಕಸುಬು, ಸ್ವಂತ ಊರು, ವಯಸ್ಸು. "ಎಮ್ಮೆ ಎರಡ್ನೇ ಸೂಲ್ ಈದಾಗ ಉಟ್ಟಿದ್ದು" ಎಂದವರ ಮಕ್ಕಳಿಗೂ ಒಂದು ವಯಸ್ಸು ಹುಡುಕಿ ಕೊಟ್ಟೆ.

ಮೊನ್ನೆ ಅಣ್ಣನ ಕಾಗದ ಬಂತು: "ನಿಮ್ಮೂರಾಗ ಮಳಿ ಹ್ಯಾಂಗೈತಿ?" ಅದನ್ನು ಓದುತ್ತಿರುವಾಗಲೇ ಬಸಮ್ಮ ಸಾರಿನ ಪಾತ್ರೆ ಹಿಡಿದು ಬಂದು, "ನಿಮ್ಮೂರಲ್ಲಿ ಇದುಕ್ಕೆ ಉಳೀಗೆ ಏನಾಕ್ತಾರೆ?" ಎಂದಳು. ಅವನು ಈ ಊರನ್ನು ನನ್ನದೆನ್ನುತ್ತಾನೆ, ಇವಳು ಆ ಊರನ್ನು.

ಮತ್ತೆ ಇಷ್ಟೆಲ್ಲ ಹೆದರಿಕೆಯಲ್ಲಿ ನಿಜವಾಗಿ ಕೆಟ್ಟದ್ದು ಒಂದೇ, ಅದೂ ಸಣ್ಣದು. ನನ್ನ ಪಟ್ಟಿ ಕಛೇರಿಯಿಂದ ವಾಪಸು ಬಂದಿದೆ. ಇಪ್ಪತ್ತೆಂಟು ಸಾಲೂ ಸರಿಯಾಗಿವೆಯಂತೆ. ಕೆಳಗೆ ಉಪಾಧ್ಯಾಯಿನಿಯ ಸಾಲಿನಲ್ಲಿ, ಸ್ವಂತ ಊರು ಎಂಬಲ್ಲಿ ನಾನು ಖಾಲಿ ಬಿಟ್ಟದ್ದಕ್ಕೆ ಕೆಂಪು ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿದ್ದಾರೆ.